ಕರೆಂಟಿನ ಮೊರದಲ್ಲಿ ಕ್ಯಾನ್ಸರ್ ಕೋಶ

ನನ್ನ ಮಾಮ ಗೇರುಸೊಪ್ಪಕ್ಕೆ ಬಂದದ್ದು ಶರಾವತಿ ಟೈಲ್‌ರೇಸ್ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿ. ಬಂಟ್ವಾಳದ ಕಡೆಯಿಂದ ಹೊರಟು ಬಂದು, ಅಣೆಕಟ್ಟಿನ ಕೂಲಿಯವರಿಗೆ ಚಾ, ಬನ್ಸ್ ಮಾರುವ ಗೂಡಂಗಡಿ ಇಟ್ಟಿದ್ದರು. ಅಣೆಕಟ್ಟು ಮುಗಿಯಿತು. ನಾಲ್ಕು ಯಂತ್ರಗಳು ತಿರುಗಿ 240 ಮೆಗಾವ್ಯಾಟ್ ಕರೆಂಟು ಗುಡ್ಡ ಹತ್ತಿ ಹೋಗತೊಡಗಿತು. ಕೂಲಿಯವರೆಲ್ಲ ಅವರವರ ಊರಿಗೆ ಹೋದರು, ಮಾಮ ಮಾತ್ರ ಹೋಗಲಿಲ್ಲ. ಅಡಿಕೆ ವ್ಯಾಪಾರಕ್ಕೆ ಇಳಿದರು. ಹಳ್ಳಿ ಹಳ್ಳಿ ತಿರುಗಿ ಅಡಿಕೆ ತಂದು, ಹೊನ್ನಾವರ, ಕುಮಟೆಯ ಮಂಡಿಗೆ ಹಾಕುವುದು. ಹಳೆ ಚಾಲಿ, ಹೊಸ ಚಾಲಿ, ಚಿಪ್ಪು, ಕೋಕಾ ಎಂದು ಬೇರೆ ಬೇರೆ ಮಾಡುವುದರಲ್ಲಿ ಅವರ ಕೈಗೆ ಎದುರಿಲ್ಲ ಎಂದು ಹೇಳುತ್ತಿದ್ದರು. ಕೈಯಲ್ಲಿ ಅಡಿಕೆ ಇದ್ದ ಮೇಲೆ ಬಾಯಿಗೂ ಹೋಗದೆ ಇರ್ತದಾ? ದಿನಕ್ಕೆ ಹತ್ತು ಹನ್ನೆರಡು ಸಲ ಎಲೆ, ಸುಣ್ಣ, ಒಂದು ಚಿಟಿಕೆ ಹೊಗೆಸೊಪ್ಪು.

ಎಡಗೆನ್ನೆಯ ಒಳಗೆ ಬೆಳ್ಳಗಿನ ಕಲೆ ಎದ್ದದ್ದು ಅವರಿಗೆ ಗೊತ್ತಿತ್ತು. ಖಾರ ತಾಗಿದರೆ ಉರಿಯುತ್ತಿತ್ತು. "ಸುಣ್ಣ ಜಾಸ್ತಿ ಆಗಿರ್ಬೇಕು" ಎಂದು ಸುಮ್ಮನಾದರು. ಆಮೇಲೆ ಬಾಯಿ ಪೂರ್ತಿ ತೆರೆಯಲು ಆಗದೆ, ರೊಟ್ಟಿಯನ್ನು ಚೂರು ಚೂರು ಮಾಡಿ ತಿನ್ನತೊಡಗಿದರು. ಡಾಕ್ಟರ್ ನೋಡಿ ಒಂದು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಾಗ ಮಾಮ ಎದ್ದು ಬಂದರು. "ಕತ್ತಿ ತಾಗಿದ್ರೆ ಅದು ಹರಡ್ತದೆ ಮಾರಾಯ. ನಂಗೆ ಗೊತ್ತುಂಟು" ಅಂದರು. ಹಾಗೆ ಎದ್ದು ಬಂದವರು ಮತ್ತೆ ಹೋದದ್ದು ಏಳು ತಿಂಗಳ ನಂತರ. ಹೋದಾಗಲೂ ಬಯಾಪ್ಸಿಯ ಫಲಿತಾಂಶ ಕೈಗೆ ಸಿಗಲು ಎರಡೂವರೆ ವಾರ ಹಿಡಿಯಿತು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಆ ಎರಡೂವರೆ ವಾರ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆ ದಿನಗಳಲ್ಲಿ ಮಾಮ ಕೇಳಿದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. "ನಾನು ಒಂದು ಮೂಟೆ ಅಡಿಕೆಯಲ್ಲಿ ಕೆಟ್ಟದ್ದು ಯಾವುದು ಅಂತ ಕತ್ತರಿಸದೆ ಹೇಳ್ತೇನೆ. ಇಷ್ಟು ದೊಡ್ಡ ದೊಡ್ಡ ಮಿಷಿನ್ ಇಟ್ಟುಕೊಂಡು ಇವರಿಗೆ ಆಗೂದಿಲ್ವಾ?"

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕರೆಂಟಿನ ಕತೆ. ಕ್ಯಾನ್ಸರ್ ಕೋಶವನ್ನು ಒಳ್ಳೆಯ ಕೋಶದಿಂದ ವಿದ್ಯುತ್ತಿನ ಬಲದಲ್ಲೇ ಗುರುತಿಸಿ ಬೇರೆ ಮಾಡುವ ವಿದ್ಯೆಯೊಂದು ಉಂಟು. ಅದು ಇನ್ನೂ ನಮ್ಮ ತಾಲೂಕು ಆಸ್ಪತ್ರೆಗೆ ಬಂದಿಲ್ಲ, ನಾಳೆಯೇ ಬರುವ ಲಕ್ಷಣವೂ ಇಲ್ಲ. ಆದರೂ ತಿಳಿದುಕೊಳ್ಳುವ ವಿಷಯ.

ಕಹ್ರಬಾ ಅಂದರೆ ಹುಲ್ಲು ಸೆಳೆಯುವುದು

ಗಲ್ಫಿನಲ್ಲಿ ನಾಲ್ಕು ವರ್ಷ ಕಳೆದವರಿಗೆ ಕರೆಂಟಿಗೆ ಅರಬಿಯಲ್ಲಿ 'ಕಹ್ರಬಾ' ಎನ್ನುತ್ತಾರೆ ಎಂಬುದು ಗೊತ್ತು. ಕತಾರಿನಲ್ಲಿದ್ದವರಿಗೆ ತಿಂಗಳು ತಿಂಗಳು ಬಿಲ್ ಕಳಿಸುವ 'ಕಹ್ರಮಾ' ಕಂಪೆನಿಯ ನೆನಪೂ ಇರಬಹುದು. ಕಹ್ರಬಾ ಮತ್ತು ಮಾ, ಅಂದರೆ ಕರೆಂಟು ಮತ್ತು ನೀರು. ಈ ಕಹ್ರಬಾ ಎಂಬ ಶಬ್ದ ಮೂಲದಲ್ಲಿ ಅರಬಿಯದ್ದಲ್ಲ, ಪಾರ್ಸಿಯದ್ದು. 'ಕಾಹ್' ಎಂದರೆ ಹುಲ್ಲುಕಡ್ಡಿ, 'ರುಬಾ' ಎಂದರೆ ಎಳೆದುಕೊಳ್ಳುವುದು. ತಸ್ಬೀಹ್ ಮಣಿ ಮಾಡುತ್ತಾರಲ್ಲ, ಆ ಹಳದಿ ಅಂಬರ್, ಅದನ್ನು ಬಟ್ಟೆಗೆ ಉಜ್ಜಿ ಹಿಡಿದರೆ ಹುಲ್ಲುಕಡ್ಡಿಯನ್ನು ತನ್ನ ಕಡೆ ಎಳೆಯುತ್ತದೆ. ಹಾಗಾಗಿ ಅಂಬರಿಗೆ ಆ ಹೆಸರು ಬಂತು, ಅಂಬರಿನಿಂದ ಕರೆಂಟಿಗೆ ಬಂತು. ಗ್ರೀಕರದ್ದೂ ಇದೇ ಕತೆ. ಅವರು ಅಂಬರನ್ನು 'ಎಲೆಕ್ಟ್ರಾನ್' ಎಂದರು, ಅಲ್ಲಿಂದ ಎಲೆಕ್ಟ್ರಿಸಿಟಿ.

ಅಂಬರ್ ಮಣಿ ಬೇಕೆಂದಿಲ್ಲ. ಒಣ ಕೂದಲು ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಕಾಗದದ ಚೂರುಗಳ ಹತ್ತಿರ ಹಿಡಿಯಿರಿ, ಚೂರುಗಳು ಹಾರಿ ಅಂಟುತ್ತವೆ. ಮಕ್ಕಳೆಲ್ಲ ಆಡಿದ ಆಟ. ಆದರೆ ಒಂದು ಸೂಕ್ಷ್ಮ ನೋಡಿ: ಬಾಚಣಿಗೆಯಲ್ಲಿ ವಿದ್ಯುತ್ತಿನ ಆವೇಶ ಉಂಟು, ಕಾಗದದಲ್ಲಿ ಇಲ್ಲ. ಇಲ್ಲದ ಕಾಗದ ಯಾಕೆ ಹೋಗಿ ಅಂಟಬೇಕು? ಯಾಕೆಂದರೆ ಬಾಚಣಿಗೆ ಹತ್ತಿರ ಬಂದಾಗ ಕಾಗದದ ಒಳಗಿನ ಧನ, ಋಣ ಆವೇಶಗಳು ಸ್ವಲ್ಪ ಸರಿದು ಎರಡು ಬದಿಗೆ ನಿಲ್ಲುತ್ತವೆ. ಬಾಚಣಿಗೆಗೆ ಹತ್ತಿರದ ಬದಿಯ ಮೇಲೆ ಎಳೆತ ಜಾಸ್ತಿ, ದೂರದ ಬದಿಯ ಮೇಲೆ ಕಡಿಮೆ. ಲೆಕ್ಕದಲ್ಲಿ ಉಳಿಯುವುದು ಎಳೆತ. ವಿದ್ಯುತ್ ಕ್ಷೇತ್ರ ಒಂದು ಕಡೆ ಬಲವಾಗಿ ಇನ್ನೊಂದು ಕಡೆ ದುರ್ಬಲವಾಗಿ ಇದ್ದರೆ, ಆವೇಶವೇ ಇಲ್ಲದ ವಸ್ತುವನ್ನೂ ಹೀಗೆ ಎಳೆಯಬಹುದು.

ಅಮೆರಿಕದ ಹರ್ಬರ್ಟ್ ಪೋಲ್ ಎಂಬ ವಿಜ್ಞಾನಿ 1951ರಲ್ಲಿ ಈ ಎಳೆತಕ್ಕೆ 'ಡೈಎಲೆಕ್ಟ್ರೊಫೊರೆಸಿಸ್' ಎಂದು ಹೆಸರಿಟ್ಟರು. ನಾಲಗೆ ಹೊರಳದ ಹೆಸರು, ನಾವು ಡಿಇಪಿ ಎನ್ನುವ. 1966ರಲ್ಲಿ ಅವರು ಸಂಗಡಿಗರೊಬ್ಬರ ಜೊತೆ ಸೇರಿ, ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಜೀವ ಇದ್ದ ಕೋಶಗಳನ್ನೂ ಸತ್ತ ಕೋಶಗಳನ್ನೂ ಇದೇ ಬಲದಿಂದ ಬೇರೆ ಬೇರೆ ಮಾಡಿ ತೋರಿಸಿದರು. ಜೀವ ಇದೆಯಾ ಹೋಗಿದೆಯಾ ಎಂಬ ಪ್ರಶ್ನೆಗೆ ಕರೆಂಟು ಉತ್ತರ ಹೇಳುತ್ತದೆ ಎಂದಾದರೆ, ಒಳ್ಳೆಯದಾ ಕೆಟ್ಟದ್ದಾ ಎಂಬುದಕ್ಕೂ ಹೇಳಬಹುದಲ್ಲ? ಆ ಪ್ರಶ್ನೆಯ ಬೆನ್ನು ಹತ್ತಿದವರು ಆಮೇಲೆ ಬಂದರು.

ಸುಕ್ಕು ಹೆಚ್ಚಿದ ಚೀಲ

ನಮ್ಮ ಜೀವಕೋಶ ಅಂದರೆ ಉಪ್ಪುನೀರು ತುಂಬಿದ ಒಂದು ಚೀಲ ಎಂದು ತಿಳಿಯಿರಿ. ಒಳಗಿನ ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಚೀಲದ ಪೊರೆ ಕೊಬ್ಬಿನದ್ದು, ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ತೆಳು. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಹೊರಗೂ ಒಳಗೂ ಹರಿಯುವ ನೀರು, ನಡುವೆ ಹರಿಯದ ಪೊರೆ. ಫ್ಯಾನ್ ರಿಪೇರಿ ಮಾಡುವ ಹುಡುಗನನ್ನು ಕೇಳಿದರೆ ಥಟ್ಟನೆ ಹೇಳ್ತಾನೆ, ಇದು ಕೆಪಾಸಿಟರ್. ಕಂಡೆನ್ಸರ್ ಎಂದರೆ ಇನ್ನೂ ಬೇಗ ಅರ್ಥ ಆಗಬಹುದು.

ಈಗ ಕ್ಯಾನ್ಸರ್ ಕೋಶಕ್ಕೆ ಬರುವ. ಅದರ ಪೊರೆ ನುಣುಪಾಗಿರುವುದಿಲ್ಲ. ಮಡಿಕೆಗಳು, ಸುಕ್ಕುಗಳು, ಸಣ್ಣ ಸಣ್ಣ ಬೆರಳಿನಂಥ ಚಾಚುಗಳು. ಕುಪ್ಪಸಕ್ಕೆ ನೆರಿಗೆ ಇಟ್ಟರೆ ಬಟ್ಟೆ ಹೆಚ್ಚು ಬೇಕಲ್ಲ, ಹಾಗೆ ಅಷ್ಟೇ ಗಾತ್ರದ ಕೋಶಕ್ಕೆ ಪೊರೆ ಜಾಸ್ತಿ. ಪೊರೆ ಜಾಸ್ತಿ ಆದರೆ ಕೆಪಾಸಿಟರ್ ದೊಡ್ಡದು. 1995ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಫ್ರೆಡರಿಕ್ ಬೆಕರ್, ಪೀಟರ್ ಗ್ಯಾಸ್ಕೊಯ್ನ್ ಮತ್ತು ಬ್ರಿಟನ್ನಿನ ರೊನಾಲ್ಡ್ ಪೆಥಿಗ್ ಮೊದಲಾದವರು ಇದನ್ನು ಅಳೆದೇ ಬಿಟ್ಟರು. ಹರಡುವ ಜಾತಿಯ ಒಂದು ಸ್ತನ ಕ್ಯಾನ್ಸರ್ ಕೋಶದ ಪೊರೆ, ರಕ್ತದ ಕೆಂಪು ಕಣದ ಪೊರೆಗಿಂತಲೂ ಒಂದು ಬಗೆಯ ಬಿಳಿ ಕಣದ ಪೊರೆಗಿಂತಲೂ ಎರಡು ಪಟ್ಟಿಗಿಂತ ಹೆಚ್ಚು ಆವೇಶ ಹಿಡಿಯುತ್ತಿತ್ತು. ಬರೀ ಅಳೆದದ್ದಲ್ಲ, ರಕ್ತಕ್ಕೆ ಬೆರೆಸಿದ ಆ ಕೋಶಗಳನ್ನು ಮತ್ತೆ ರಕ್ತದಿಂದ ಬೇರೆ ಮಾಡಿಯೂ ತೋರಿಸಿದರು.

ಹೇಗೆ ಬೇರೆ ಮಾಡ್ತಾರೆ? ಇಲ್ಲಿ ಸ್ವಲ್ಪ ನಿಧಾನ ಓದಿ.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಡಿಇಪಿಯಲ್ಲಿ ಬಳಸುವುದು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಲಕ್ಷ ಸಲ ದಿಕ್ಕು ಬದಲಿಸುವ ಕರೆಂಟು. ವೋಲ್ಟ್ ಮಾತ್ರ ಬಹಳ ಕಡಿಮೆ, ಹತ್ತು ವೋಲ್ಟ್ ಸುಮಾರಿಗೆ. ಗೇರುಸೊಪ್ಪದ ಪವರ್‌ಹೌಸ್ ಬೇಡ, ನಾಲ್ಕು ಬ್ಯಾಟರಿ ಸಾಕು ಎಂಬ ಲೆಕ್ಕ. ಗುಟ್ಟು ಇರುವುದು ಅಂತರದಲ್ಲಿ. ಎರಡು ಲೋಹದ ಎಳೆಗಳ ನಡುವೆ ಕೂದಲಿನ ದಪ್ಪದಷ್ಟೇ ಜಾಗ ಬಿಟ್ಟಿರುತ್ತಾರೆ. 50 ಮೈಕ್ರಾನ್ ಅಂತರಕ್ಕೆ 10 ವೋಲ್ಟ್ ಕೊಟ್ಟರೆ, ಮೀಟರಿಗೆ ಎರಡು ಲಕ್ಷ ವೋಲ್ಟ್ ಕೊಟ್ಟಷ್ಟು ಬಿರುಸು ಆ ಸಣ್ಣ ಸಂದಿಯಲ್ಲಿ.

ಕರೆಂಟು ನಿಧಾನವಾಗಿ ದಿಕ್ಕು ಬದಲಿಸಿದಾಗ ಪೊರೆ ಅಡ್ಡ ನಿಲ್ಲುತ್ತದೆ, ಒಳಗಿನ ಉಪ್ಪುನೀರಿಗೆ ಸುದ್ದಿ ತಲುಪುವುದೇ ಇಲ್ಲ. ಆಗ ಕೋಶ ಬಲವಾದ ಕ್ಷೇತ್ರದಿಂದ ದೂರ ತಳ್ಳಲ್ಪಡುತ್ತದೆ. ವೇಗ ಹೆಚ್ಚಿಸುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಪೊರೆಯ ಅಡ್ಡಿ ಸೋಲುತ್ತದೆ, ಕೋಶ ತಿರುಗಿ ಬಲವಾದ ಕಡೆಗೆ ಎಳೆಯಲ್ಪಡುತ್ತದೆ. ತಳ್ಳು ಹೋಗಿ ಎಳೆತ ಆಗುವ ಆ ಹಂತ ಎಲ್ಲ ಕೋಶಕ್ಕೂ ಒಂದೇ ಅಲ್ಲ. ಪೊರೆ ಹೆಚ್ಚಿರುವ ಕ್ಯಾನ್ಸರ್ ಕೋಶಕ್ಕೆ ಅದು ಬೇಗ ಬರುತ್ತದೆ, ರಕ್ತದ ಕಣಗಳಿಗೆ ತಡವಾಗಿ. ಈ ಎರಡರ ನಡುವಿನ ವೇಗವನ್ನು ಹಿಡಿದರೆ? ಕ್ಯಾನ್ಸರ್ ಕೋಶಕ್ಕೆ ಎಳೆತ, ರಕ್ತದ ಕಣಕ್ಕೆ ತಳ್ಳು. ಒಂದೇ ಕರೆಂಟು, ಎರಡು ಕೆಲಸ.

ತಳದಲ್ಲಿ ಲೋಹದ ಎಳೆಗಳಿರುವ ಒಂದು ತೆಳು ಕಾಲುವೆಯಲ್ಲಿ ದ್ರವವನ್ನು ನಿಧಾನವಾಗಿ ಹರಿಸುತ್ತಾರೆ. ರಕ್ತದ ಕಣಗಳು ಮೇಲೆದ್ದು ಹರಿವಿನ ಜೊತೆ ತೇಲಿ ಹೋಗುತ್ತವೆ. ಕ್ಯಾನ್ಸರ್ ಕೋಶ ತಳಕ್ಕೆ ಇಳಿದು ಹಿಂದೆ ಉಳಿಯುತ್ತದೆ, ಅಲ್ಲಿಂದ ಹೀರಿಕೊಳ್ಳುತ್ತಾರೆ. ಉಮ್ಮ ಜಗಲಿಯಲ್ಲಿ ಕುಳಿತು ಅಕ್ಕಿ ಕೇರುವುದನ್ನು ನೆನಪು ಮಾಡಿಕೊಳ್ಳಿ. ಹೊಟ್ಟು ಹಾರಿ ಹೋಗುತ್ತದೆ, ಅಕ್ಕಿ ಮೊರದಲ್ಲಿ ಉಳಿಯುತ್ತದೆ. ಇಲ್ಲಿ ಉಳಿಯುವುದು ಬೇಡದ್ದು, ಅಷ್ಟೇ ವ್ಯತ್ಯಾಸ. ಹ್ಯೂಸ್ಟನ್‌ನಲ್ಲಿ ಈ ತತ್ವದ ಮೇಲೆ 'ಅಪೊಸ್ಟ್ರೀಮ್' ಎಂಬ ಯಂತ್ರವೇ ತಯಾರಾಯಿತು. ಇಟಲಿಯ ಬೊಲೋನ್ಯದಲ್ಲಿ ಹುಟ್ಟಿದ 'ಡೆಪ್‌ಅರೇ' ಯಂತ್ರ ಇನ್ನೂ ನಾಜೂಕಿನದ್ದು, ಕರೆಂಟಿನ ಪುಟ್ಟ ಪುಟ್ಟ ಪಂಜರಗಳಲ್ಲಿ ಒಂದೊಂದೇ ಕೋಶವನ್ನು ಹಿಡಿದು ಬೇಕಾದ ಕಡೆಗೆ ಸಾಗಿಸುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳಬಹುದು. ಗಡ್ಡೆಯಿಂದ ಕಳಚಿಕೊಂಡ ಕೋಶಗಳು ರಕ್ತದಲ್ಲಿ ಅಲೆಯುತ್ತಿರುತ್ತವೆ. ರೋಗ ಬೇರೆ ಅಂಗಕ್ಕೆ ಹರಡುವುದು ಇವುಗಳಿಂದಲೇ. ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಕೆಂಪು ಕಣಗಳೇ ಸುಮಾರು 500 ಕೋಟಿ, ಬಿಳಿ ಕಣಗಳು 40 ಲಕ್ಷದಿಂದ ಒಂದು ಕೋಟಿಯ ಮೇಲೆ. ಅಷ್ಟರ ನಡುವೆ ಕ್ಯಾನ್ಸರ್ ಕೋಶ ಒಂದೋ, ಎರಡೋ, ಹತ್ತೋ. ಕುಮಟೆಯ ಮಂಡಿಗೆ ಬರುವ ಅಷ್ಟೂ ಅಡಿಕೆಯಲ್ಲಿ ಒಂದು ಹುಳುಕು ಅಡಿಕೆ ಹುಡುಕಿದ ಹಾಗೆ, ಅದಕ್ಕಿಂತಲೂ ಕಷ್ಟ. ಹುಡುಕಲು ಬೇರೆ ದಾರಿಯೂ ಉಂಟು. ಕೋಶದ ಮೈಮೇಲಿನ ಒಂದು ಪ್ರೋಟೀನನ್ನು ಗುರುತು ಹಿಡಿದು ಅಯಸ್ಕಾಂತದಿಂದ ಎಳೆಯುವ 'ಸೆಲ್‌ಸರ್ಚ್' ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿತು. ಆದರೆ ಆ ಪ್ರೋಟೀನ್ ಕಳಚಿಕೊಂಡ ಕೋಶ ಅದರ ಕೈಗೆ ಸಿಗುವುದಿಲ್ಲ. ಕರೆಂಟಿಗೆ ಗುರುತಿನ ಚೀಟಿ ಬೇಡ. ಕೋಶದ ರಚನೆಯೇ ಅದಕ್ಕೆ ಗುರುತು. ಹಿಡಿದ ಕೋಶಕ್ಕೆ ಬಣ್ಣವಾಗಲಿ ಮದ್ದಾಗಲಿ ಅಂಟಿಸಿರುವುದಿಲ್ಲ, ಹಾಗಾಗಿ ಅದನ್ನು ಜೀವಂತ ಇಟ್ಟು ಯಾವ ಔಷಧಿ ನಾಟುತ್ತದೆ ಎಂದು ನೋಡಲೂ ಬರುತ್ತದೆ.

ಕೋಶವನ್ನು ಕರೆಂಟಿನಿಂದ ಅಳೆಯುವುದು ನಮಗೆ ಪೂರ್ತಿ ಹೊಸದೂ ಅಲ್ಲ. ಜ್ವರ ಬಂದಾಗ ಲ್ಯಾಬಿನಲ್ಲಿ ಸಿಬಿಸಿ ಮಾಡಿಸುತ್ತೀರಲ್ಲ? ಅಮೆರಿಕದ ವಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಸಣ್ಣ ತೂತಿನ ಮೂಲಕ ರಕ್ತದ ಕಣಗಳನ್ನು ಒಂದೊಂದಾಗಿ ದಾಟಿಸುವುದು, ಪ್ರತಿ ಕಣ ದಾಟುವಾಗ ಕರೆಂಟಿಗೆ ಒಂದು ಕ್ಷಣ ಅಡ್ಡಿಯಾಗುತ್ತದೆ, ಆ ಅಡ್ಡಿಯನ್ನು ಎಣಿಸುವುದು. ಸಣ್ಣ ಊರುಗಳ ಲ್ಯಾಬಿನ ಹೆಚ್ಚಿನ ಯಂತ್ರಗಳು ಈಗಲೂ ಪ್ಲೇಟ್‌ಲೆಟ್ ಎಣಿಸುವುದು ಹೀಗೆಯೇ.

ಬಾಯಿಯ ವಿಷಯ

ಮಾಮನ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಮೈಕೆಲ್ ಹ್ಯೂಸ್, ಫಾತಿಮಾ ಲಬೀದ್ ಮತ್ತು ಸಂಗಡಿಗರು, ಬಾಯಿಯ ಕ್ಯಾನ್ಸರನ್ನು ಬೇಗ ಕಂಡುಹಿಡಿಯಲು ಡಿಇಪಿಯೇ ಉತ್ತರವೇ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ 2007ರಲ್ಲಿ ಲೇಖನ ಪ್ರಕಟಿಸಿದರು. ಮೊದಲು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ನೋಡಿದ್ದು. ಆಮೇಲೆ ರೋಗಿಗಳ ಬಾಯಿಯಿಂದಲೇ ತೆಗೆದರು. ಕತ್ತಿ ಇಲ್ಲ. ಒಂದು ಸಣ್ಣ ಬ್ರಷ್ಷಿನಿಂದ ಕಲೆಯ ಮೇಲೆ ಉಜ್ಜಿ, ಬಂದ ಕೋಶಗಳನ್ನು ತೊಳೆದು, ಪುಟ್ಟ ಬಾವಿಗಳಿರುವ ಒಂದು ಚಿಪ್ಪಿನಲ್ಲಿ ಹಾಕುವುದು. ಒಂದೊಂದು ಬಾವಿಗೆ ಒಂದೊಂದು ವೇಗದ ಕರೆಂಟು. ಕೋಶಗಳು ಅಂಚಿಗೆ ಸರಿದವೋ ನಡುವಿಗೆ ಬಂದವೋ ಎಂಬುದನ್ನು ಬೆಳಕು ಹಾಯಿಸಿ ನೋಡುವುದು.

2015ರಲ್ಲಿ ಪ್ರಕಟವಾದ ಅವರ ಫಲಿತಾಂಶ ನೂರಕ್ಕೆ ಸುಮಾರು 81. ಕೇಳಲು ಚೆಂದ, ಪರೀಕ್ಷೆಯಲ್ಲಾದರೆ ಡಿಸ್ಟಿಂಕ್ಷನ್. ಆದರೆ ಲೆಕ್ಕ ಹಾಕಿ ನೋಡಿ. ಒಂದು ಊರಲ್ಲಿ ಸಾವಿರ ಜನರನ್ನು ಪರೀಕ್ಷೆ ಮಾಡಿದರು, ಐದು ಜನರಿಗೆ ನಿಜವಾಗಿ ರೋಗ ಇದೆ ಎಂದು ಇಟ್ಟುಕೊಳ್ಳಿ. ಐದರಲ್ಲಿ ನಾಲ್ವರು ಸಿಗುತ್ತಾರೆ, ಒಬ್ಬರು ತಪ್ಪಿಹೋಗುತ್ತಾರೆ. ರೋಗ ಇಲ್ಲದ 995 ಜನರಲ್ಲಿ ಹತ್ತಿರ ಹತ್ತಿರ 190 ಜನರಿಗೆ 'ಸಂಶಯ ಉಂಟು' ಎಂಬ ಚೀಟಿ ಸಿಗುತ್ತದೆ. ಅಷ್ಟು ಮನೆಗಳಲ್ಲಿ ನಿದ್ದೆ ಹೋಯಿತು. ಹಾಗಾಗಿ ಇದು ಊರಿಗೆಲ್ಲ ಮಾಡುವ ಪರೀಕ್ಷೆ ಆಗಲಾರದು. ಕಲೆ ಕಂಡವರಲ್ಲಿ ಮೊದಲು ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ತೀರ್ಮಾನಿಸಲು ಆಗಬಹುದು. ಬಯಾಪ್ಸಿಯ ಜಾಗಕ್ಕೆ ಇದನ್ನು ತಂದು ಕೂರಿಸುವ ಧೈರ್ಯ ಯಾವ ಡಾಕ್ಟರೂ ಇವತ್ತು ಮಾಡುವುದಿಲ್ಲ.

ಯಾಕೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ ಎಂಬುದಕ್ಕೆ ಕಾರಣಗಳು ಸಣ್ಣವಲ್ಲ. ರಕ್ತ ಉಪ್ಪು, ಹಾಗೇ ಕರೆಂಟು ಕೊಟ್ಟರೆ ಬಿಸಿಯಾಗಿ ಕೋಶ ಸಾಯುತ್ತದೆ. ಅದನ್ನು ತೊಳೆದು ಸಕ್ಕರೆಯ ದ್ರಾವಣಕ್ಕೆ ಹಾಕಬೇಕು. ತೊಳೆಯುವಾಗ ಇರುವ ನಾಲ್ಕು ಕ್ಯಾನ್ಸರ್ ಕೋಶಗಳಲ್ಲಿ ಒಂದು ಕಳೆದುಹೋದರೂ ಹೋಯಿತು. ಕೆಲವು ಬಿಳಿ ಕಣಗಳು ಕ್ಯಾನ್ಸರ್ ಕೋಶದ ಹಾಗೆಯೇ ವರ್ತಿಸಿ ಜೊತೆಗೆ ಬಂದುಬಿಡುತ್ತವೆ. ಒಬ್ಬರ ಕ್ಯಾನ್ಸರ್ ಕೋಶ ಇನ್ನೊಬ್ಬರ ಹಾಗೆ ಇರುವುದೂ ಇಲ್ಲ. ಕೆಲಸ ನಿಧಾನ, ಯಂತ್ರ ದುಬಾರಿ.

ನಮ್ಮ ರಾಜ್ಯದಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾರ್ದಿಕ್ ಪಾಂಡ್ಯ ಅವರ ತಂಡ, ಕ್ಯಾನ್ಸರ್ ಜೀವಶಾಸ್ತ್ರದ ಅನ್ನಪೂರ್ಣಿ ರಂಗರಾಜನ್ ಮತ್ತು ಅಸ್ಸಾಮಿನ ವೈದ್ಯರ ಜೊತೆ ಸೇರಿ 'ರಾಪಿಡ್‌ಇಟಿ' ಎಂಬ ಉಪಕರಣದ ವಿವರವನ್ನು 2022ರಲ್ಲಿ ಪ್ರಕಟಿಸಿತು. ಇದು ಕೋಶಗಳನ್ನು ಹೆಕ್ಕುವುದಲ್ಲ. ಸ್ತನದಿಂದ ತೆಗೆದ ತುಂಡಿನಲ್ಲಿ ಕರೆಂಟಿಗೂ ಶಾಖಕ್ಕೂ ಎಷ್ಟು ಅಡ್ಡಿಯಾಗುತ್ತದೆ ಎಂದು ಅಳೆದು, ಗಡ್ಡೆಯ ಭಾಗ ಯಾವುದು, ಒಳ್ಳೆಯ ಭಾಗ ಯಾವುದು ಎಂದು ಬೇಗ ಹೇಳುವುದು. ಎರಡೂವರೆ ವಾರ ಕಾದ ನಮ್ಮಂಥವರಿಗೆ ಆ 'ಬೇಗ' ಎಂಬ ಶಬ್ದದ ಬೆಲೆ ಗೊತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕರೆಂಟಿನ ಬೆಲ್ಟ್, ಅಯಸ್ಕಾಂತದ ಹಾಸಿಗೆ, ಕಾಲು ಇಟ್ಟರೆ ಕ್ಯಾನ್ಸರ್ ಗುಣ ಆಗುವ ಯಂತ್ರ ಎಂದು ಮನೆ ಬಾಗಿಲಿಗೆ ಬರುವವರು ನಮ್ಮ ಕರಾವಳಿಯಲ್ಲಿ ಕಮ್ಮಿ ಇಲ್ಲ. ಮೇಲೆ ಹೇಳಿದ್ದು ರಕ್ತ ಅಥವಾ ಕೋಶವನ್ನು ದೇಹದಿಂದ ಹೊರಗೆ ತೆಗೆದು ಮಾಡುವ ಪರೀಕ್ಷೆ, ಚಿಕಿತ್ಸೆ ಅಲ್ಲ. ವಿದ್ಯುತ್ ಕ್ಷೇತ್ರವನ್ನು ಚಿಕಿತ್ಸೆಗೆ ಬಳಸುವುದೂ ಒಂದು ಉಂಟು, ಅದು ಬೇರೆಯೇ. ಮಿದುಳಿನ ಒಂದು ಕಠಿಣ ಕ್ಯಾನ್ಸರಿಗೆ ತಲೆ ಬೋಳಿಸಿ ಪಟ್ಟಿ ಅಂಟಿಸಿ ಸೆಕೆಂಡಿಗೆ ಎರಡು ಲಕ್ಷ ಸಲ ಹಿಂದೆ ಮುಂದೆ ಓಲಾಡುವ ಕ್ಷೇತ್ರ ಕೊಡುತ್ತಾರೆ, ಕೋಶ ಒಡೆದು ಎರಡಾಗುವುದಕ್ಕೆ ತಡೆ ಬರಲಿ ಎಂದು. 2011ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಅದು ಆಸ್ಪತ್ರೆಯಲ್ಲಿ ತಜ್ಞರು ಬರೆದುಕೊಡುವಂಥದ್ದು, ಚೀಲದಲ್ಲಿ ಹೊತ್ತು ತಂದು ಮಾರುವಂಥದ್ದಲ್ಲ.

ಟಾರ್ಚಿನ ಬೆಳಕು

ಹಾಗಾದರೆ ಯಂತ್ರ ಬರುವ ತನಕ ಏನು? ಉತ್ತರ ಪಕ್ಕದ ಕೇರಳದಲ್ಲಿ ಸಿಕ್ಕಿ ಇಪ್ಪತ್ತು ವರ್ಷ ಆಯಿತು. ತಿರುವನಂತಪುರದಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಸುರು ಮಾಡಿದರು. ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ತೆರೆಸಿ, ಬೆಳಕಿನಲ್ಲಿ ಕಣ್ಣಿನಿಂದಲೇ ನೋಡುವುದು. ಅಷ್ಟೇ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ಹೀಗೆ ನೋಡಿಸಿಕೊಂಡ ಊರುಗಳಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆ ಆಗಿತ್ತು. ನಮ್ಮ ದೇಶದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರಿಗೆ, ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ನಮ್ಮ ಮನೆಗಳ ವಿಷಯ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಮದುವೆ ಮನೆಯಲ್ಲಿ ಊಟ ಆದ ಮೇಲೆ ಎಲೆ ಅಡಿಕೆಯ ಹರಿವಾಣ ಸುತ್ತು ಬರುತ್ತದೆ. ಬೀಡಿ ಕಟ್ಟುತ್ತಾ ಕುಳಿತ ಹೆಂಗಸರ ಮೊರದಲ್ಲಿ ಹೊಗೆಸೊಪ್ಪಿನ ಪಕ್ಕದಲ್ಲೇ ಅಡಿಕೆ ಹೋಳು. "ನಾನು ತಂಬಾಕು ಹಾಕೂದಿಲ್ಲ, ಬರೀ ಅಡಿಕೆ" ಎನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಅಡಿಕೆಯಿಂದ ಬದುಕುವ ಹೊನ್ನಾವರ, ಕುಮಟೆ ಕಡೆ ಈ ಮಾತು ಆಡಿದರೆ ಮುಖ ಸಿಂಡರಿಸುವವರಿದ್ದಾರೆ. ಮಾಮನೇ ಸಿಂಡರಿಸಿದ್ದರು. ತೋಟದವರ ಹೊಟ್ಟೆಯ ಪ್ರಶ್ನೆ ದೊಡ್ಡದೇ, ಅದನ್ನು ಒಂದು ಲೇಖನದಲ್ಲಿ ತೀರಿಸಲು ಆಗುವುದಿಲ್ಲ. ಆದರೆ ಬಾಯಿಯೊಳಗಿನ ಪ್ರಶ್ನೆ ಅದಕ್ಕಾಗಿ ಕಾಯುವುದಿಲ್ಲ.

ನೋಡಬೇಕಾದ್ದು ಇಷ್ಟು. ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಖಾರ ತಾಗದ ಹಾಗೆ ಉರಿ, ಕೆನ್ನೆಯೊಳಗೆ ಗಟ್ಟಿ. ನಿಮ್ಮದೇ ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯಿಯೊಳಗೆ ಹೋಗುತ್ತದಾ ನೋಡಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಸರಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಉಂಟು, ಆಶಾ ಕಾರ್ಯಕರ್ತೆ ಬಂದಾಗ ಬಾಗಿಲಲ್ಲೇ 'ನಮಗೆಂಥದೂ ಇಲ್ಲ' ಎಂದು ಕಳಿಸಬೇಡಿ. ತುಂಡು ತೆಗೆಯಬೇಕು ಎಂದರೆ ತೆಗೆಸಿ. ಕತ್ತಿ ತಾಗಿ ಹರಡುತ್ತದೆ ಎಂಬ ಹೆದರಿಕೆಯಲ್ಲಿ ಕಳೆಯುವ ತಿಂಗಳುಗಳೇ ರೋಗಕ್ಕೆ ಬೇಕಾದ್ದು. ಮಾಮನ ಏಳು ತಿಂಗಳಿನಲ್ಲಿ ಕೆನ್ನೆಯ ಕಲೆ ದವಡೆಯ ಎಲುಬಿಗೆ ಇಳಿದಿತ್ತು.

ಆಮೇಲಿನ ದಾರಿ ಉತ್ತರ ಕನ್ನಡದವರಿಗೆಲ್ಲ ಗೊತ್ತಿರುವ ದಾರಿ. ಗೇರುಸೊಪ್ಪದಿಂದ ಹೊನ್ನಾವರ, ಅಲ್ಲಿಂದ ಭಟ್ಕಳ, ಬೈಂದೂರು, ಕುಂದಾಪುರ ದಾಟಿ ಮಣಿಪಾಲ. ಅಲ್ಲಿಯೂ ಅಲ್ಲದಿದ್ದರೆ ಮಂಗಳೂರು, ದೇರಳಕಟ್ಟೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೋಗುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಹೋದದ್ದು ಇದೇ ಹೆದ್ದಾರಿಯಲ್ಲಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆ ದಿನಗಳಲ್ಲಿ ಎಷ್ಟು ಜೋರಾಗಿತ್ತು ಎಂಬುದು ನೆನಪಿರಬಹುದು. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಹೊಳೆಯ ದಡದಲ್ಲಿ ಕುಳಿತವರು ಒಂದು ವರದಿಗಾಗಿ ನೂರೈವತ್ತು ಕಿಲೋಮೀಟರ್ ಹೋಗಬೇಕು. ಕೋಶ ಹೆಕ್ಕುವ ಚಿಪ್ಪು ಕೈಯಗಲದ್ದು, ಬ್ಯಾಟರಿಯಲ್ಲಿ ನಡೆಯುವಂಥದ್ದು ಎಂದು ಓದಿದಾಗ ನನಗೆ ಆಸೆ ಹುಟ್ಟಿದ್ದು ಈ ಕಾರಣಕ್ಕೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಿಂತ ಅದು ಹೆಚ್ಚು ಬೇಕಾದ್ದು ಇಂಥ ಕಡೆ.

ಖರ್ಚಿನ ಬಗ್ಗೆ ಎರಡು ಮಾತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಬೇಕು. ಅದನ್ನು ತೆಗೆದುಕೊಳ್ಳದೆ ನೇರ ಮಂಗಳೂರಿಗೆ ಹೋಗಿ ಕೌಂಟರಿನಲ್ಲಿ ಬೆಪ್ಪಾದವರನ್ನು ನೋಡಿದ್ದೇನೆ, ನಾವೂ ಹಾಗೆಯೇ ಆದವರು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ ಉಂಟು, ಜೊತೆಗೆ ಹೋಗುವವರಿಗೆ ಮುಕ್ಕಾಲು. ಆಸ್ಪತ್ರೆಯಿಂದ ಅದರ ಫಾರ್ಮ್ ಕೇಳಿ ತೆಗೆದುಕೊಳ್ಳಿ.

ಮಾಮನಿಗೆ ಆಪರೇಷನ್ ಆಗಿ ನಾಲ್ಕು ವರ್ಷ ಆಗುತ್ತಾ ಬಂತು. ಕೆಳದವಡೆಯ ಎಡಬದಿ ಇಲ್ಲ, ಮಾತು ತೊದಲು. ಗಂಜಿ, ಮೀನಿನ ಸಾರು ಕಿವುಚಿದ ಅನ್ನ ಇಳಿಯುತ್ತದೆ. ಅಡಿಕೆ ವ್ಯಾಪಾರ ಮಗನಿಗೆ ಬಿಟ್ಟಿದ್ದಾರೆ, ಆದರೆ ಮೂಟೆ ಬಿಚ್ಚಿದರೆ ಬಂದು ಕೂರದೆ ಇರಲು ಆಗುವುದಿಲ್ಲ. ಕಳೆದ ತಿಂಗಳು ಹೋಗಿದ್ದಾಗ ಬಾಚಣಿಗೆ, ಕಾಗದದ ಚೂರು ತೆಗೆದುಕೊಂಡು ಈ ಎಲ್ಲ ಕತೆ ಹೇಳಿದೆ. ಕಾಗದ ಹಾರಿದ್ದನ್ನು ಮೊಮ್ಮಗಳು ನಾಲ್ಕು ಸಲ ಮಾಡಿಸಿದಳು. ಮಾಮ ಸುಮ್ಮನೆ ನೋಡುತ್ತಿದ್ದವರು ಕೊನೆಗೆ ಕೇಳಿದರು, "ಇದು ನಮ್ಮ ಹೊನ್ನಾವರಕ್ಕೆ ಯಾವಾಗ ಬರ್ತದೆ?"

ಗೊತ್ತಿಲ್ಲ ಮಾಮ ಎಂದೆ. ಅವರು ತಲೆಯಾಡಿಸಿ, ಮೊಮ್ಮಗಳ ಕೈಗೆ ಟಾರ್ಚ್ ಕೊಟ್ಟು, ಪಕ್ಕದಲ್ಲಿ ಅಡಿಕೆ ಹೆಕ್ಕುತ್ತಿದ್ದ ಮಗನನ್ನು ಕರೆದರು. "ಬಾ ಇಲ್ಲಿ. ಬಾಯಿ ಬಿಡು."